ಇಂಗ್ಲಿಷಿನಲ್ಲಿ ‘ಬಹುಪಾಲು’ ಎನ್ನಲು ಹಲವು ಪದ: ಯಾವುದು ಎಲ್ಲಿಗೆ ಸಲ್ಲುತ್ತದೆ?

ಇಂಗ್ಲಿಷಿನಲ್ಲಿ ವರದಿ, ಪ್ರಬಂಧ, ಸಭೆಯ ನಡಾವಳಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಮೆಜಾರಿಟಿ’ ಎನ್ನುವ ಪದ ಪುಟದ ತುಂಬ ಬಂದುಬಿಟ್ಟಿದೆ, ಬದಲಿಗೆ ಇನ್ನೇನು ಹಾಕಬಹುದು? ಕೇಳಿದವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಪಟ್ಟಿ. ಮೋಸ್ಟ್, ಬಲ್ಕ್, ಪ್ಲುರಾಲಿಟಿ, ಪ್ರಿಪಾಂಡರೆನ್ಸ್, ಲಯನ್ಸ್ ಶೇರ್, ಇವುಗಳಲ್ಲಿ ಯಾವುದಾದರೂ ಆದೀತು ಎನ್ನುವ ಸಲಹೆ. ಆ ಪಟ್ಟಿಯನ್ನು ನಂಬಿ ಪದ ಬದಲಿಸಿದವರ ಬರಹದಲ್ಲಿ ಪುನರುಕ್ತಿ ಹೋಗಿ ಅದರ ಜಾಗಕ್ಕೆ ತಪ್ಪು ಅರ್ಥ ಬಂದು ಕೂತಿರುತ್ತದೆ. ಪುನರುಕ್ತಿಯನ್ನು ಓದುಗ ಕ್ಷಮಿಸುತ್ತಾನೆ. ಅಂಕಿಯನ್ನು ತಪ್ಪಾಗಿ ತಿಳಿಸಿದರೆ ಅದು ಕ್ಷಮಿಸುವ ವಿಷಯವಲ್ಲ.

ಕನ್ನಡದಲ್ಲಿ ಈ ತೊಡಕು ನಮಗೆ ಗೊತ್ತೇ ಆಗುವುದಿಲ್ಲ. ಬಹುಮತ, ಬಹುಪಾಲು, ಬಹುತೇಕ, ಸಿಂಹಪಾಲು, ಹೆಚ್ಚಿನವರು, ಇವೆಲ್ಲ ಹತ್ತಿರದ ಪದಗಳೇ. ಆದರೂ ‘ಕೆರೆಯ ಬಹುಮತ ನೀರು ಬತ್ತಿದೆ’ ಎಂದು ಯಾರೂ ಬರೆಯುವುದಿಲ್ಲ. ‘ಸಿಂಹಪಾಲು ಪ್ರಯಾಣಿಕರು ನಿದ್ದೆ ಹೋಗಿದ್ದರು’ ಎಂದರೆ ಕಿವಿ ಒಪ್ಪುವುದಿಲ್ಲ. ಇಂಗ್ಲಿಷಿನ ಪದಗಳಿಗೂ ಅಂಥದೇ ಗಡಿಗಳಿವೆ. ಕಿವಿ ಇನ್ನೂ ಪಳಗದಿರುವಾಗ ಆ ಗಡಿಗಳನ್ನು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸಿಕೊಳ್ಳಬೇಕು. ಆ ಹೆಜ್ಜೆಗಳು ಇಲ್ಲಿವೆ.

ಮೊದಲು ಬೇಕಾಗುವುದು

ಬರೆಯಲು ಕೂರುವಾಗ ಮೂರು ಸಂಗತಿ ಕೈಯಲ್ಲಿರಲಿ. ಒಂದು, ನೀವು ಹೇಳಹೊರಟಿರುವ ಗುಂಪಿನ ಅಂಕಿ. ನಿಖರವಾಗಿ ಇಲ್ಲದಿದ್ದರೆ ಕನಿಷ್ಠ ಒಂದು ಅಂದಾಜು. ಎರಡು, ಆ ಗುಂಪು ಯಾವುದರದು ಎಂಬ ಸ್ಪಷ್ಟತೆ: ಜನರದೋ, ಹಣದ್ದೋ, ಸಮಯದ್ದೋ. ಮೂರು, ಉದಾಹರಣೆ ವಾಕ್ಯಗಳಿರುವ ಒಂದು ನಿಘಂಟು. ಕಲಿಯುವವರಿಗೆಂದೇ ಮಾಡಿದ, ಅಂದರೆ ಲರ್ನರ್ಸ್ ಡಿಕ್ಷನರಿ ಎಂದು ಕರೆಯುವ ಬಗೆಯ ನಿಘಂಟು ಇದಕ್ಕೆ ಒಳ್ಳೆಯದು, ಏಕೆಂದರೆ ಅದರಲ್ಲಿ ಪದದ ಅರ್ಥದ ಜೊತೆಗೆ ಅದು ಯಾವ ಪದಗಳ ಜೊತೆ ಬರುತ್ತದೆ ಎಂಬುದೂ ಇರುತ್ತದೆ. ಥೆಸಾರಸ್, ಅಂದರೆ ಸಮಾನಾರ್ಥಕ ಪದಕೋಶ, ಮರೆತುಹೋದ ಪದವನ್ನು ನೆನಪಿಸಲು ಮಾತ್ರ ಇರಲಿ. ಅದರಲ್ಲಿ ಮೊದಲ ಸಲ ಕಂಡ ಪದವನ್ನು ನೇರವಾಗಿ ಎತ್ತಿ ವಾಕ್ಯಕ್ಕೆ ಹಾಕಬೇಡಿ.

1. ಎಷ್ಟು ಎಂದು ನೋಡಿಕೊಳ್ಳಿ

ಇದೇ ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ‘ಬಹುಪಾಲು’ ಎಂದು ನೀವು ಮನಸ್ಸಿನಲ್ಲಿ ಅಂದುಕೊಂಡದ್ದು ಈ ನಾಲ್ಕರಲ್ಲಿ ಯಾವುದು?

ಅರ್ಧಕ್ಕಿಂತ ಹೆಚ್ಚು: ಇದಕ್ಕೆ ‘ಮೆಜಾರಿಟಿ’. 100ರಲ್ಲಿ 50 ಇದ್ದರೆ ಮೆಜಾರಿಟಿ ಅಲ್ಲ, 51 ಆದರೆ ಹೌದು.

ಎಲ್ಲರಿಗಿಂತ ದೊಡ್ಡ ಪಾಲು, ಆದರೆ ಅರ್ಧ ಮುಟ್ಟಿಲ್ಲ: ಮೂವರು ಸ್ಪರ್ಧಿಗಳಿಗೆ 45, 35, 20 ಮತ ಬಂದವು ಎಂದುಕೊಳ್ಳಿ. 45 ಬಂದವರು ಮೊದಲಿಗರು, ಆದರೆ ಅವರಿಗೆ ಮೆಜಾರಿಟಿ ಇಲ್ಲ. ಅಮೆರಿಕದ ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ಲುರಾಲಿಟಿ’ ಎನ್ನುತ್ತಾರೆ. 1992ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ಅವರಿಗೆ ಬಂದದ್ದು ಜನರ ಮತಗಳಲ್ಲಿ ಸುಮಾರು ಶೇ 43. ಜಾರ್ಜ್ ಬುಷ್‌ಗೆ ಸುಮಾರು ಶೇ 37, ರಾಸ್ ಪೆರೋಗೆ ಸುಮಾರು ಶೇ 19. ‘ಕ್ಲಿಂಟನ್ ವನ್ ಎ ಮೆಜಾರಿಟಿ ಆಫ್ ದ ಪಾಪ್ಯುಲರ್ ವೋಟ್’ ಎಂದು ಬರೆದರೆ ಅದು ಶೈಲಿಯ ದೋಷವಲ್ಲ, ಸುಳ್ಳು ಮಾಹಿತಿ. ಬ್ರಿಟನ್ನಿನ ಇಂಗ್ಲಿಷಿನಲ್ಲಿ ಇದಕ್ಕೆ ‘ರಿಲೇಟಿವ್ ಮೆಜಾರಿಟಿ’ ಎನ್ನುವುದುಂಟು. ಎರಡೂ ಪದ ಓದುಗರಿಗೆ ಹೊಸದು ಎನಿಸಿದರೆ ‘ದ ಲಾರ್ಜೆಸ್ಟ್ ಶೇರ್’ ಅಥವಾ ‘ದ ಲಾರ್ಜೆಸ್ಟ್ ಸಿಂಗಲ್ ಗ್ರೂಪ್’ ಎನ್ನಿ. ಎಲ್ಲರಿಗೂ ಅರ್ಥವಾಗುತ್ತದೆ.

ಹೆಚ್ಚುಕಡಿಮೆ ಎಲ್ಲರೂ: 100ರಲ್ಲಿ 95 ಜನ ಒಪ್ಪಿದ್ದರೆ ‘ಮೆಜಾರಿಟಿ’ ಎನ್ನುವುದು ತಪ್ಪಲ್ಲ, ಆದರೆ ವಿಷಯವನ್ನು ಕುಗ್ಗಿಸಿದ ಹಾಗೆ. ‘ನಿಯರ್ಲಿ ಆಲ್’, ‘ಆಲ್ಮೋಸ್ಟ್ ಆಲ್’, ‘ವರ್ಚುವಲಿ ಆಲ್’ ಇವೆ.

ತುಂಬ ಜನ, ಆದರೆ ಒಟ್ಟು ಎಷ್ಟು ಎಂದು ಗೊತ್ತಿಲ್ಲ: ಇಲ್ಲಿ ‘ಮೆನಿ’, ‘ಎ ಲಾರ್ಜ್ ನಂಬರ್ ಆಫ್’ ಮಾತ್ರ ಸರಿ. ಹತ್ತು ಲಕ್ಷದಲ್ಲಿ ಒಂದು ಲಕ್ಷ ಎನ್ನುವುದು ದೊಡ್ಡ ಸಂಖ್ಯೆಯೇ, ಆದರೆ ಹತ್ತರಲ್ಲಿ ಒಂದು ಪಾಲು. ಸಮಾನಾರ್ಥಕ ಪಟ್ಟಿಗಳು ‘ಮಲ್ಟಿಟ್ಯೂಡ್’, ‘ಹೋಸ್ಟ್’, ‘ಸ್ಕೋರ್ಸ್’ ಇಂಥವನ್ನೂ ಮೆಜಾರಿಟಿಯ ಸಾಲಿನಲ್ಲೇ ನಿಲ್ಲಿಸುವುದುಂಟು. ಅವು ಜನ ಎಷ್ಟಿದ್ದಾರೆ ಎನ್ನುತ್ತವೆ. ಒಟ್ಟಿನಲ್ಲಿ ಎಷ್ಟು ಪಾಲು ಎಂಬುದನ್ನು ಹೇಳುವುದಿಲ್ಲ.

2. ಯಾರಲ್ಲಿ ಅರ್ಧ ಎಂದು ಕೇಳಿಕೊಳ್ಳಿ

ಸಭೆಯ ನಡಾವಳಿ ಬರೆಯುವವರು ಈ ಹೆಜ್ಜೆಯನ್ನು ದಾಟಿಬಿಡುತ್ತಾರೆ. ಜಗಳಗಳೂ ಇಲ್ಲೇ ಹುಟ್ಟುತ್ತವೆ. ಒಂದು ಸಂಘದಲ್ಲಿ 100 ಸದಸ್ಯರು. ಸಭೆಗೆ ಬಂದವರು 60. ಒಂದು ಪ್ರಸ್ತಾಪದ ಪರ ಕೈ ಎತ್ತಿದವರು 35. ‘ಮೆಜಾರಿಟಿ ಇನ್ ಫೇವರ್’ ಎನ್ನಬಹುದೇ? ಹಾಜರಿದ್ದವರ ಲೆಕ್ಕದಲ್ಲಿ ಹೌದು, ಸದಸ್ಯರ ಲೆಕ್ಕದಲ್ಲಿ ಇಲ್ಲ.

ಆದ್ದರಿಂದ ಮೆಜಾರಿಟಿ ಎಂದ ಮೇಲೆ ‘ಆಫ್ ದೋಸ್ ಪ್ರೆಸೆಂಟ್’, ‘ಆಫ್ ದ ವೋಟ್ಸ್ ಕಾಸ್ಟ್’, ‘ಆಫ್ ದ ಟೋಟಲ್ ಮೆಂಬರ್‌ಶಿಪ್’, ಈ ಮೂರರಲ್ಲಿ ಒಂದನ್ನು ಸೇರಿಸಿ. ಮತದಾನದ ಹಕ್ಕಿರುವ ಎಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು ಎಂದರೆ ‘ಆಬ್ಸಲ್ಯೂಟ್ ಮೆಜಾರಿಟಿ’. ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಂದರೆ ಸಾಮಾನ್ಯವಾಗಿ ‘ಸಿಂಪಲ್ ಮೆಜಾರಿಟಿ’. ಮೂರನೇ ಎರಡು, ಐದನೇ ಮೂರು ಎಂದು ಅರ್ಧಕ್ಕಿಂತ ಮೇಲಿನ ಗೆರೆ ಎಳೆದಿದ್ದರೆ ‘ಸೂಪರ್‌ಮೆಜಾರಿಟಿ’. ವಿಶ್ವಸಂಸ್ಥೆಯ ಸನ್ನದು ಸಾಮಾನ್ಯ ಸಭೆಯ ಮುಖ್ಯ ವಿಷಯಗಳಿಗೆ ಮೂರನೇ ಎರಡರಷ್ಟು ಮತ ಬೇಕು ಎನ್ನುವಾಗ, ಆ ಲೆಕ್ಕ ಹಾಜರಿದ್ದು ಮತ ಹಾಕಿದ ಸದಸ್ಯರದು ಎಂದು ಬಿಡಿಸಿಯೇ ಹೇಳುತ್ತದೆ. ನಿಮ್ಮ ನಡಾವಳಿಯೂ ಅಷ್ಟು ಸ್ಪಷ್ಟವಾಗಿರಲಿ.

ಇನ್ನೊಂದು ಎಚ್ಚರಿಕೆ. ಬ್ರಿಟನ್ನಿನ ಬಳಕೆಯಲ್ಲಿ ಮೆಜಾರಿಟಿಗೆ ‘ಅಂತರ’ ಎಂಬ ಅರ್ಥವೂ ಇದೆ. ‘ಶೀ ವನ್ ಬೈ ಎ ಮೆಜಾರಿಟಿ ಆಫ್ 500’ ಎಂದರೆ ಅವಳಿಗೆ ಬಂದದ್ದು 500 ಮತ ಎಂದಲ್ಲ. ಎರಡನೆಯವರಿಗಿಂತ 500 ಮತ ಹೆಚ್ಚು ಎಂದು. ಸರ್ಕಾರದ ಮಾತು ಬಂದಾಗ ಲೆಕ್ಕ ಮತ್ತೆ ಬೇರೆ: ಉಳಿದೆಲ್ಲ ಪಕ್ಷಗಳನ್ನು ಒಟ್ಟು ಸೇರಿಸಿದರೂ ಎಷ್ಟು ಸ್ಥಾನ ಮುಂದಿದೆ ಎಂಬುದು. 2019ರ ಡಿಸೆಂಬರ್ ಚುನಾವಣೆಯಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ 650ರಲ್ಲಿ 365 ಸ್ಥಾನ ಗೆದ್ದಿತು, ಉಳಿದವರದು 285. ಪತ್ರಿಕೆಗಳು ಬರೆದದ್ದು ‘ಎ ಮೆಜಾರಿಟಿ ಆಫ್ 80’ ಎಂದು. ಇಂಥ ವಾಕ್ಯವನ್ನು ಕನ್ನಡಕ್ಕೆ ತರುವಾಗ ‘80 ಸ್ಥಾನಗಳ ಬಹುಮತ’ ಎಂದಷ್ಟೇ ಬರೆದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ. ನೀವೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೆ ‘ಮಾರ್ಜಿನ್’ ಎನ್ನುವ ಪದವಿದೆ. ಅಂತರ ಹೇಳಲು ಅದೇ ಸುರಕ್ಷಿತ.

3. ಎಣಿಸುವುದೋ, ಅಳೆಯುವುದೋ?

ಇಂಗ್ಲಿಷ್ ವ್ಯಾಕರಣ ನಾಮಪದಗಳನ್ನು ಎರಡು ಮಾಡುತ್ತದೆ. ಒಂದು, ಎರಡು ಎಂದು ಎಣಿಸಬಹುದಾದವು: ಸ್ಟೂಡೆಂಟ್ಸ್, ಲೆಟರ್ಸ್, ವೋಟ್ಸ್. ಎಣಿಸಲಾಗದೆ ಅಳೆಯಬೇಕಾದವು: ವಾಟರ್, ಟೈಮ್, ವರ್ಕ್, ಮನಿ. ಮೆಜಾರಿಟಿ ಎಣಿಕೆಯ ಪದ. ಬಿಡಿಬಿಡಿಯಾಗಿ ನಿಲ್ಲಬಲ್ಲ ಸಂಗತಿಗಳ ಜೊತೆಗೇ ಅದರ ಬಾಳು. ‘ದ ಮೆಜಾರಿಟಿ ಆಫ್ ದ ವಾಟರ್’, ‘ದ ಮೆಜಾರಿಟಿ ಆಫ್ ದ ವರ್ಕ್’ ಎಂದು ಮಾತಿನಲ್ಲಿ ಕೇಳಿಬರುತ್ತದೆ ನಿಜ. ಆದರೆ ಎಚ್ಚರದಿಂದ ಬರೆಯುವವರು, ತಿದ್ದುವ ಸಂಪಾದಕರು ಅದನ್ನು ಒಪ್ಪುವುದಿಲ್ಲ. ಅಲ್ಲಿಗೆ ‘ಮೋಸ್ಟ್ ಆಫ್ ದ ವಾಟರ್’, ‘ದ ಬಲ್ಕ್ ಆಫ್ ದ ವರ್ಕ್’.

ಇಡಿಯಾದ ಒಂದೇ ವಸ್ತುವಿಗೂ ಮೆಜಾರಿಟಿ ಸಲ್ಲದು. ‘ದ ಮೆಜಾರಿಟಿ ಆಫ್ ದ ಬುಕ್’ ಎಂದರೆ ತಪ್ಪು, ‘ಮೋಸ್ಟ್ ಆಫ್ ದ ಬುಕ್’ ಎಂದರೆ ಸರಿ. ‘ದ ಮೆಜಾರಿಟಿ ಆಫ್ ದ ಬುಕ್ಸ್’ ಎಂದು ಬಹುವಚನವಾದರೆ ಮತ್ತೆ ಸರಿ.

4. ಈಗ ಪದ ಆರಿಸಿ

ಮೇಲಿನ ಮೂರೂ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಆಯ್ಕೆಯ ಹರವು ತಾನಾಗಿ ಕಿರಿದಾಗಿರುತ್ತದೆ. ಒಂದೊಂದಾಗಿ ನೋಡೋಣ.

ಮೋಸ್ಟ್. ಸಂದೇಹ ಬಂದಾಗಲೆಲ್ಲ ಇದನ್ನೇ ಹಾಕಿ. ಎಣಿಸುವುದಕ್ಕೂ ಆಗುತ್ತದೆ, ಅಳೆಯುವುದಕ್ಕೂ ಆಗುತ್ತದೆ. ಮಾತಿಗೂ ಬರಹಕ್ಕೂ ಹೊಂದುತ್ತದೆ. ‘ದ ಮೆಜಾರಿಟಿ ಆಫ್ ಪೀಪಲ್’ ಎಂದು ಬರೆದ ಕಡೆ ‘ಮೋಸ್ಟ್ ಪೀಪಲ್’ ಎಂದು ಹಾಕಿದರೆ ಹತ್ತರಲ್ಲಿ ಎಂಟು ಸಲ ವಾಕ್ಯ ಹಗುರಾಗುತ್ತದೆ. ಆದರೆ ಮತ ಎಣಿಕೆಯ ವಿಷಯದಲ್ಲಿ ಬೇಡ: 51ಕ್ಕೆ ‘ಮೋಸ್ಟ್’ ಎಂದರೆ ತರ್ಕಕ್ಕೆ ಸರಿ, ಓದುವವರ ಮನಸ್ಸಿಗೆ ಮಾತ್ರ ಅದಕ್ಕಿಂತ ತುಂಬ ಹೆಚ್ಚಿನ ಚಿತ್ರ ಬರುತ್ತದೆ.

ಇಲ್ಲಿ ಒಂದು ಸಣ್ಣ ಪದ ದೊಡ್ಡ ವ್ಯತ್ಯಾಸ ಮಾಡುತ್ತದೆ. ‘ಶೀ ಗಾಟ್ ಮೋಸ್ಟ್ ಆಫ್ ದ ವೋಟ್ಸ್’ ಎಂದರೆ ಅರ್ಧಕ್ಕಿಂತ ಹೆಚ್ಚು. ‘ಶೀ ಗಾಟ್ ದ ಮೋಸ್ಟ್ ವೋಟ್ಸ್’ ಎಂದರೆ ಉಳಿದವರೆಲ್ಲರಿಗಿಂತ ಹೆಚ್ಚು, ಅಂದರೆ ಮೇಲೆ ಹೇಳಿದ ಪ್ಲುರಾಲಿಟಿಯೂ ಇರಬಹುದು. ಫಲಿತಾಂಶದ ವರದಿ ಬರೆಯುವವರು ಈ ‘ದ’ ಎಲ್ಲಿ ನಿಂತಿದೆ ಎಂದು ಎರಡು ಸಲ ನೋಡಿಕೊಳ್ಳಬೇಕು.

ಬಲ್ಕ್. ಹಳೆಯ ನಾರ್ಸ್ ಭಾಷೆಯಲ್ಲಿ ಹಡಗಿನ ಸರಕಿಗೆ ಇದ್ದ ಪದದಿಂದ ಬಂದದ್ದು. ಆ ಭಾರ, ಗಾತ್ರದ ಸೂಚನೆ ಇವತ್ತಿಗೂ ಉಳಿದಿದೆ. ಕೆಲಸ, ಖರ್ಚು, ಸಾಮಗ್ರಿ, ಪತ್ರವ್ಯವಹಾರ, ಇಂಥ ರಾಶಿಯಾಗಿ ಕಾಣುವುದಕ್ಕೆಲ್ಲ ಹೇಳಿ ಮಾಡಿಸಿದ್ದು: ‘ದ ಬಲ್ಕ್ ಆಫ್ ದ ಎಕ್ಸ್‌ಪೆಂಡಿಚರ್’. ಜನರಿಗೆ ಬಳಸುವುದು ತಪ್ಪೇನಲ್ಲ, ‘ದ ಬಲ್ಕ್ ಆಫ್ ದ ಆರ್ಮಿ’ ಎಂದು ಇದೆ. ಆದರೆ ವ್ಯಕ್ತಿಗಳಾಗಿ ಗಮನಿಸಬೇಕಾದವರನ್ನು, ಉದಾಹರಣೆಗೆ ರೋಗಿಗಳನ್ನೋ ಮಕ್ಕಳನ್ನೋ, ಬಲ್ಕ್ ಎಂದರೆ ರಾಶಿ ಹಾಕಿದಂತಾಗುತ್ತದೆ. ನಾನಾದರೆ ಅಲ್ಲಿ ಬಳಸುವುದಿಲ್ಲ. ಈ ಪದಕ್ಕೆ ಮುಂಚೆ ‘ದ’ ಬೇಕೇ ಬೇಕು. ‘ಇನ್ ಬಲ್ಕ್’ ಎಂದರೆ ‘ಸಗಟಾಗಿ’ ಎಂಬ ಬೇರೆಯೇ ಅರ್ಥ.

ದ ಲಯನ್ಸ್ ಶೇರ್. ನಮ್ಮ ಸಿಂಹಪಾಲು. ಈಸೋಪನ ಹೆಸರಿನಲ್ಲಿ ಬಂದ ನೀತಿಕತೆಯಲ್ಲಿ ಜೊತೆಗೂಡಿ ಬೇಟೆಯಾಡಿದ ಮೇಲೆ ಸಿಂಹ ಪಾಲು ಹಂಚುವ ನೆಪದಲ್ಲಿ ಎಲ್ಲವನ್ನೂ ತಾನೇ ಇಟ್ಟುಕೊಳ್ಳುತ್ತದೆ. ಈಗಿನ ಬಳಕೆಯಲ್ಲಿ ಅರ್ಥ ‘ಅತಿ ದೊಡ್ಡ ಪಾಲು’. ಇದು ಅರ್ಧ ದಾಟಲೇಬೇಕು ಎಂಬ ನಿಯಮವಿಲ್ಲ, ಹಾಗಾಗಿ ಅಂಕಿ ಮುಖ್ಯವಾದ ಕಡೆ ಬೇಡ. ಪಾಲು ಎನ್ನುವ ಮಾತೇ ಇರುವುದರಿಂದ, ಹಂಚಿಕೆಯಾಗುವಂಥದಕ್ಕೆ ಮಾತ್ರ ಬಳಸಿ: ಲಾಭ, ಅನುದಾನ, ಗಮನ, ಶ್ರೇಯಸ್ಸು, ದುಡಿಮೆ. ಯಾರೋ ಅದನ್ನು ಪಡೆದಿರಬೇಕು. ‘ಹೌಸಿಂಗ್ ಟುಕ್ ದ ಲಯನ್ಸ್ ಶೇರ್ ಆಫ್ ದ ಬಜೆಟ್’ ಎಂದರೆ ಚೆನ್ನ. ‘ದ ಲಯನ್ಸ್ ಶೇರ್ ಆಫ್ ಸ್ಟೂಡೆಂಟ್ಸ್ ಪಾಸ್ಡ್’ ಎಂದರೆ ಎಡವಟ್ಟು. ತಗಾದೆಯ ಸಣ್ಣ ಛಾಯೆಯೂ ಈ ಪದಕ್ಕೆ ಅಂಟಿಕೊಂಡಿದೆ: ಒಬ್ಬರು ಹೆಚ್ಚು ತೆಗೆದುಕೊಂಡರು ಎಂಬ ಭಾವ. ನಿಮಗೆ ಆ ಭಾವ ಬೇಡವಾದರೆ ‘ದ ಲಾರ್ಜೆಸ್ಟ್ ಶೇರ್’.

ದ ಗ್ರೇಟರ್ ಪಾರ್ಟ್. ‘ಹೆಚ್ಚಿನ ಭಾಗ’. ಸ್ವಲ್ಪ ಗಂಭೀರ, ಯಾವ ಅಪಾಯವೂ ಇಲ್ಲದ್ದು. ಭೂಪ್ರದೇಶ, ಕಾಲಾವಧಿ, ಒಂದು ಕೃತಿಯ ಭಾಗ, ಎಲ್ಲಕ್ಕೂ ಬರುತ್ತದೆ.

ದ ಬೆಟರ್ ಪಾರ್ಟ್. ಇದರಲ್ಲಿ ಎಡವದವರು ಕಡಿಮೆ. ‘ದ ಬೆಟರ್ ಪಾರ್ಟ್ ಆಫ್ ಆನ್ ಅವರ್’ ಎಂದರೆ ಗಂಟೆಯ ಒಳ್ಳೆಯ ಭಾಗ ಎಂದಲ್ಲ, ಗಂಟೆಯ ಬಹುಭಾಗ, ಅಂದರೆ ಅರ್ಧ ಗಂಟೆಗಿಂತ ಸಾಕಷ್ಟು ಹೆಚ್ಚು. ‘ದ ಬೆಸ್ಟ್ ಪಾರ್ಟ್ ಆಫ್ ಆನ್ ಅವರ್’ ಎಂದು ಬ್ರಿಟನ್ನಿನವರು ಹೇಳಿದರೆ ಹತ್ತಿರ ಹತ್ತಿರ ಒಂದು ಗಂಟೆ. ಎರಡೂ ಹೆಚ್ಚಾಗಿ ಸಮಯದ ಮಾತಿಗೆ. ಅನುವಾದ ಮಾಡುವವರು ‘ಬೆಟರ್’ ಕಂಡ ಕೂಡಲೇ ‘ಉತ್ತಮ’ ಎಂದು ಬರೆದರೆ ಇಡೀ ವಾಕ್ಯ ಹಳಿ ತಪ್ಪುತ್ತದೆ.

ಪ್ರಿಪಾಂಡರೆನ್ಸ್. ಲ್ಯಾಟಿನ್ನಿನಲ್ಲಿ ‘ತೂಕದಲ್ಲಿ ಮೀರಿಸು’ ಎನ್ನುವ ಕ್ರಿಯಾಪದದಿಂದ ಬಂದದ್ದು. ತಕ್ಕಡಿಯ ಒಂದು ತಟ್ಟೆ ಕೆಳಗಿಳಿದಿದೆ ಎನ್ನುವ ಅರ್ಥ. ಅಮೆರಿಕದ ಸಿವಿಲ್ ಮೊಕದ್ದಮೆಗಳಲ್ಲಿ ‘ಪ್ರಿಪಾಂಡರೆನ್ಸ್ ಆಫ್ ದ ಎವಿಡೆನ್ಸ್’ ಎಂಬುದು ಪುರಾವೆಯ ಮಾನದಂಡ: ಎರಡು ಕಡೆಯ ಸಾಕ್ಷ್ಯಗಳಲ್ಲಿ ಯಾವುದು ಹೆಚ್ಚು ತೂಗುತ್ತದೆ ಎಂದು ನೋಡುವುದು. ಇಂಗ್ಲೆಂಡಿನ ನ್ಯಾಯಾಲಯಗಳು ಇದಕ್ಕೆ ‘ಬ್ಯಾಲೆನ್ಸ್ ಆಫ್ ಪ್ರಾಬಬಿಲಿಟೀಸ್’ ಎನ್ನುತ್ತವೆ. ಕಾನೂನಿನ ಹೊರಗೂ ಬಳಸಬಹುದು, ಆದರೆ ಭಾರವಾದ ಪದ. ಸಾಕ್ಷ್ಯ, ಅಭಿಪ್ರಾಯ, ವಾದ ಇವುಗಳ ಪಕ್ಕ ಶೋಭಿಸುತ್ತದೆ. ‘ಎ ಪ್ರಿಪಾಂಡರೆನ್ಸ್ ಆಫ್ ಮೈ ಫ್ರೆಂಡ್ಸ್’ ಎಂದು ಬರೆಯಬೇಡಿ.

ದ ಮಾಸ್, ದ ಮೇನ್ ಬಾಡಿ, ದ ಜೆನರಾಲಿಟಿ. ‘ದ ಗ್ರೇಟ್ ಮಾಸ್ ಆಫ್ ವೋಟರ್ಸ್’ ಎಂದರೆ ಮತದಾರರ ಬಹುದೊಡ್ಡ ಸಮೂಹ. ‘ದ ಮಾಸಸ್’ ಎಂದು ಬಹುವಚನ ಮಾಡಿದರೆ ‘ಜನಸಾಮಾನ್ಯರು’ ಎಂಬ ವರ್ಗದ ಅರ್ಥ ಬಂದುಬಿಡುತ್ತದೆ. ‘ಮೇನ್ ಬಾಡಿ’ ಸೇನೆ, ಮೆರವಣಿಗೆ, ಗ್ರಂಥದ ಮುಖ್ಯಭಾಗಕ್ಕೆ. ‘ಜೆನರಾಲಿಟಿ’ ಹಳೆಯ ಗದ್ಯದಲ್ಲಿ ಸಿಗುತ್ತದೆ. ಓದುವಾಗ ಅರ್ಥವಾದರೆ ಸಾಕು.

5. ವಿಶೇಷಣ ಹಚ್ಚುವಾಗ ತೂಗಿ ನೋಡಿ

ಮೆಜಾರಿಟಿಗೆ ಬದಲಿ ಹುಡುಕುವ ಬದಲು ಅದರ ಹಿಂದೆ ಸರಿಯಾದ ವಿಶೇಷಣ ಇಟ್ಟರೆ ಎಷ್ಟೋ ಸಲ ಸಮಸ್ಯೆಯೇ ಮುಗಿಯುತ್ತದೆ. ಅರ್ಧವನ್ನು ಕೂದಲೆಳೆಯಷ್ಟು ದಾಟಿದ್ದರೆ ‘ಬೇರ್’, ‘ನ್ಯಾರೋ’, ‘ಸ್ಲಿಮ್’, ‘ಸ್ಲೆಂಡರ್’. ಸಂಶಯಕ್ಕೆ ಎಡೆಯಿಲ್ಲದಷ್ಟು ಮೇಲಿದ್ದರೆ ‘ಕ್ಲಿಯರ್’, ‘ಕಂಫರ್ಟಬಲ್’, ‘ಸಬ್‌ಸ್ಟಾನ್ಷಿಯಲ್’. ಎದುರಾಳಿಗಳು ಬೆರಳೆಣಿಕೆಯಷ್ಟು ಇದ್ದರೆ ‘ಓವರ್‌ವೆಲ್ಮಿಂಗ್’. ‘ವಾಸ್ಟ್ ಮೆಜಾರಿಟಿ’ ಎಂಬ ಜೋಡಿ ಸವೆದು ಹೋಗಿದೆ. ಶೇ 60ಕ್ಕೂ ಅದನ್ನೇ ಬರೆಯುವವರಿದ್ದಾರೆ. ಅಷ್ಟಕ್ಕೆ ಅದು ಸಲ್ಲದು.

‘ಗ್ರೇಟ್ ಮೆಜಾರಿಟಿ’ ಸರಿ, ‘ಗ್ರೇಟರ್ ಮೆಜಾರಿಟಿ’ ಬೇಡ. ಮೆಜಾರಿಟಿ ಎನ್ನುವ ಪದದ ಒಳಗೇ ಲ್ಯಾಟಿನ್ನಿನ ‘ಹೆಚ್ಚು ದೊಡ್ಡದು’ ಎನ್ನುವ ಪದ ಕೂತಿದೆ. ಎರಡು ಮೆಜಾರಿಟಿಗಳನ್ನು ಹೋಲಿಸುವಾಗ, ಈ ಸಲದ್ದು ಹೋದ ಸಲಕ್ಕಿಂತ ದೊಡ್ಡದು ಎಂದು ಹೇಳುವಾಗ ಮಾತ್ರ ‘ಲಾರ್ಜರ್ ಮೆಜಾರಿಟಿ’ ಎನ್ನಬಹುದು.

6. ಕ್ರಿಯಾಪದ ಏಕವಚನವೋ ಬಹುವಚನವೋ?

‘ಮೋಸ್ಟ್ ಆಫ್’, ‘ದ ಬಲ್ಕ್ ಆಫ್’, ‘ದ ಮೆಜಾರಿಟಿ ಆಫ್’ ಇವುಗಳ ಮುಂದೆ ಬರುವ ನಾಮಪದವನ್ನು ನೋಡಿ. ಅದು ಬಹುವಚನವಾದರೆ ಕ್ರಿಯಾಪದವೂ ಬಹುವಚನ, ಎಣಿಸಲಾಗದ ಪದವಾದರೆ ಏಕವಚನ. ‘ಮೋಸ್ಟ್ ಆಫ್ ದ ಸ್ಟೂಡೆಂಟ್ಸ್ ಆರ್ ರೆಡಿ’, ‘ಮೋಸ್ಟ್ ಆಫ್ ದ ಮನಿ ಈಸ್ ಸ್ಪೆಂಟ್’, ‘ದ ಮೆಜಾರಿಟಿ ಆಫ್ ವೋಟರ್ಸ್ ಆರ್ ವಿಮೆನ್’. ಮೆಜಾರಿಟಿ ಏಕವಚನದಂತೆ ಕಾಣುತ್ತದೆಂದು ‘ಈಸ್ ವಿಮೆನ್’ ಎಂದು ಬರೆದರೆ ಕರ್ಕಶ.

‘ಆಫ್’ ಇಲ್ಲದೆ ಮೆಜಾರಿಟಿ ಒಂಟಿಯಾಗಿ ನಿಂತಾಗ ಎರಡೂ ಸಾಧ್ಯ. ಒಂದು ಘಟಕವಾಗಿ ತೀರ್ಮಾನ ಕೈಗೊಂಡರೆ ‘ದ ಮೆಜಾರಿಟಿ ಹ್ಯಾಸ್ ಡಿಸೈಡೆಡ್’. ವ್ಯಕ್ತಿಗಳಾಗಿ ನೋಡಿದರೆ ‘ದ ಮೆಜಾರಿಟಿ ಹ್ಯಾವ್ ರಿಟರ್ನ್ಡ್ ಹೋಮ್’. ಎರಡನೆಯದು ಬ್ರಿಟನ್ನಿನಲ್ಲಿ ಹೆಚ್ಚು ಸಹಜ. ‘ಲಯನ್ಸ್ ಶೇರ್’ ಮಾತ್ರ ಏಕವಚನದಲ್ಲೇ ಇರಲಿ: ‘ದ ಲಯನ್ಸ್ ಶೇರ್ ಆಫ್ ದ ಪ್ರಾಫಿಟ್ಸ್ ಗೋಸ್ ಟು’.

7. ನಮ್ಮ ಮಾತಿನಿಂದ ಇಂಗ್ಲಿಷಿಗೆ ನುಸುಳುವ ತಪ್ಪುಗಳು

ಇವು ಕನ್ನಡ ಮಾತನಾಡುವವರ ಬರಹದಲ್ಲಿ ಮತ್ತೆ ಮತ್ತೆ ಕಾಣುವವು, ಹಾಗಾಗಿ ತುಸು ನಿಧಾನವಾಗಿ ಓದಿ.

‘ಮೋಸ್ಟ್ಲಿ ನಾಳೆ ಬರ್ತಾನೆ’ ಎಂದು ನಾವು ದಿನವೂ ಹೇಳುತ್ತೇವೆ. ಅಲ್ಲಿ ನಮ್ಮ ಅರ್ಥ ‘ಬಹುಶಃ’. ಇಂಗ್ಲಿಷಿನಲ್ಲಿ ‘ಮೋಸ್ಟ್ಲಿ’ಗೆ ಆ ಅರ್ಥ ಇಲ್ಲ, ಅದರ ಅರ್ಥ ‘ಬಹುಮಟ್ಟಿಗೆ’ ಅಥವಾ ‘ಹೆಚ್ಚಿನ ಸಲ’. ‘ಮೋಸ್ಟ್ಲಿ ಹೀ ವಿಲ್ ಕಮ್ ಟುಮಾರೋ’ ಎಂದು ಮೇಲ್ ಕಳಿಸಿದರೆ ಬೇರೆ ಕಡೆಯ ಓದುಗನಿಗೆ ಏನೂ ತಿಳಿಯುವುದಿಲ್ಲ. ಬೇಕಾದದ್ದು ‘ಪ್ರಾಬಬ್ಲಿ’ ಅಥವಾ ‘ಮೋಸ್ಟ್ ಪ್ರಾಬಬ್ಲಿ’. ‘ದ ಆಡಿಯನ್ಸ್ ವಾಸ್ ಮೋಸ್ಟ್ಲಿ ಯಂಗ್’ ಎಂಬಲ್ಲಿ ಅದು ತನ್ನ ಜಾಗದಲ್ಲಿದೆ.

‘ಮ್ಯಾಕ್ಸಿಮಮ್ ಪೀಪಲ್’ ಎಂದರೆ ಹೆಚ್ಚಿನ ಜನ ಎಂದು ನಾವು ತಿಳಿದಿದ್ದೇವೆ. ಮ್ಯಾಕ್ಸಿಮಮ್ ಎಂದರೆ ಗರಿಷ್ಠ ಮಿತಿ: ಒಂದು ಕೋಣೆಯಲ್ಲಿ ಹಿಡಿಸುವ ಅತಿ ಹೆಚ್ಚು ಜನ. ‘ಮೋಸ್ಟ್ ಪೀಪಲ್’ ಎಂದೇ ಬರೆಯಿರಿ.

‘ಮೆಜಾರಿಟಿ ಪೀಪಲ್’ ಎಂದು ನೇರವಾಗಿ ಜೋಡಿಸಬೇಡಿ. ನಡುವೆ ‘ಆಫ್’, ಮುಂಚೆ ‘ಎ’ ಅಥವಾ ‘ದ’ ಬೇಕು. ‘ಮೆಜಾರಿಟಿ ಕಮ್ಯುನಿಟಿ’, ‘ಮೆಜಾರಿಟಿ ಒಪೀನಿಯನ್’, ‘ಮೆಜಾರಿಟಿ ಶೇರ್‌ಹೋಲ್ಡರ್’ ಇಂಥ ಜೋಡಿಗಳು ಇವೆ. ಅಲ್ಲಿ ಅದು ಗುಂಪಿನ ಅಥವಾ ಪಾಲಿನ ಗುರುತು. ಎಷ್ಟು ಜನ ಎಂದು ಹೇಳುವಾಗ ಈ ಜೋಡಣೆ ನಡೆಯುವುದಿಲ್ಲ.

‘ಮೋಸ್ಟ್ ಪೀಪಲ್’ ಮತ್ತು ‘ಮೋಸ್ಟ್ ಆಫ್ ದ ಪೀಪಲ್’ ಒಂದೇ ಅಲ್ಲ. ಮೊದಲನೆಯದು ಸಾಮಾನ್ಯವಾಗಿ ಜನ. ಎರಡನೆಯದು ಆಗಲೇ ಹೇಳಿದ ಒಂದು ಗುಂಪಿನ ಹೆಚ್ಚಿನವರು: ‘ಮೋಸ್ಟ್ ಆಫ್ ದ ಪೀಪಲ್ ಇನ್ ದ ಹಾಲ್’. ‘ಮೋಸ್ಟ್ ಆಫ್ ಪೀಪಲ್’ ಎಂಬುದು ಎಲ್ಲಿಯೂ ಸರಿಯಲ್ಲ. ಹಾಗೆಯೇ ‘ಮೋಸ್ಟ್ ಆಫ್ ದ ಟೈಮ್ಸ್’ ಎಂದು ನಾವು ಬಹುವಚನ ಮಾಡುತ್ತೇವೆ, ‘ಹೆಚ್ಚಿನ ಸಲ’ ಎನ್ನುವುದರ ಪ್ರಭಾವ ಇರಬೇಕು. ಅದು ‘ಮೋಸ್ಟ್ ಆಫ್ ದ ಟೈಮ್’.

‘ಆಲ್ಮೋಸ್ಟ್ ಪೀಪಲ್’ ಕೂಡ ಬೇಡ. ‘ಆಲ್ಮೋಸ್ಟ್’ ಎಂದರೆ ‘ಇನ್ನೇನು ಆಗುವಷ್ಟು’. ಇಲ್ಲಿ ಅದರ ಮುಂದೆ ‘ಆಲ್’ ಬರಲೇಬೇಕು.

8. ಹತ್ತಿರ ಕಾಣುವ, ಆದರೆ ಬೇರೆ ಅರ್ಥದ ಪದಗಳು

ಕನ್ಸೆನ್ಸಸ್ ಎಂದರೆ ಸಹಮತ. 100ರಲ್ಲಿ 55 ಜನ ಒಪ್ಪಿ 45 ಜನ ಬಲವಾಗಿ ವಿರೋಧಿಸಿದರೆ ಅಲ್ಲಿ ಮೆಜಾರಿಟಿ ಇದೆ, ಕನ್ಸೆನ್ಸಸ್ ಇಲ್ಲ. ಕೋರಂ ಎಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ. ಅದು ಅರ್ಧಕ್ಕಿಂತ ಕಡಿಮೆಯೂ ಇರಬಹುದು. ಡಾಮಿನೆಂಟ್ ಎಂದರೆ ಬಲದಲ್ಲಿ ಮೇಲುಗೈ ಇರುವುದು. ಸಂಖ್ಯೆಯಲ್ಲಿ ಚಿಕ್ಕ ಗುಂಪೊಂದು ಡಾಮಿನೆಂಟ್ ಆಗಿರಬಹುದು. ಇತಿಹಾಸದಲ್ಲಿ ಹಾಗೆ ಆಗಿದೆ ಕೂಡ. ಪ್ರಿವಲೆಂಟ್ ಎಂದರೆ ವ್ಯಾಪಕವಾಗಿ ಕಂಡುಬರುವುದು. ಒಂದು ಕಾಯಿಲೆ ಪ್ರಿವಲೆಂಟ್ ಎಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಬಂದಿದೆ ಎಂದಲ್ಲ. ರ‍್ಯಾಂಕ್ ಅಂಡ್ ಫೈಲ್ ಎಂದರೆ ನಾಯಕರನ್ನು ಬಿಟ್ಟು ಉಳಿದ ಸಾಮಾನ್ಯ ಸದಸ್ಯರು, ಸೈನಿಕರ ಅಡ್ಡಸಾಲು ಉದ್ದಸಾಲುಗಳಿಂದ ಬಂದ ಮಾತು. ಅವರು ಸಂಖ್ಯೆಯಲ್ಲಿ ಹೆಚ್ಚೇ ಇರುತ್ತಾರೆ, ಆದರೆ ಪದ ಹೇಳುವುದು ಅವರ ದರ್ಜೆಯನ್ನು.

ಪ್ಲುರಾಲಿಟಿಗೆ ಇನ್ನೂ ಎರಡು ಬದುಕುಗಳಿವೆ. ಸಮಾಜ, ಸಾಹಿತ್ಯ ಕುರಿತ ಬರಹಗಳಲ್ಲಿ ಅದು ‘ಬಹುತ್ವ’. ಪೇಟೆಂಟ್ ದಾಖಲೆಗಳಲ್ಲಿ ‘ಎ ಪ್ಲುರಾಲಿಟಿ ಆಫ್’ ಎಂದರೆ ಎರಡು ಅಥವಾ ಹೆಚ್ಚು, ಅಷ್ಟೇ.

ಮೆಜಾರಿಟಿಗೂ ಹಾಗೆಯೇ. ಕಾನೂನಿನಲ್ಲಿ ‘ಏಜ್ ಆಫ್ ಮೆಜಾರಿಟಿ’ ಎಂದರೆ ಪ್ರಾಪ್ತ ವಯಸ್ಸು. ಹಳೆಯ ಗದ್ಯದಲ್ಲಿ ‘ಹೀ ಹ್ಯಾಸ್ ಜಾಯಿನ್ಡ್ ದ ಮೆಜಾರಿಟಿ’ ಎಂದು ಕಂಡರೆ ಆತ ತೀರಿಕೊಂಡ ಎಂದರ್ಥ: ಬದುಕಿರುವವರಿಗಿಂತ ಸತ್ತವರ ಸಂಖ್ಯೆಯೇ ದೊಡ್ಡದು ಎಂಬ ಲ್ಯಾಟಿನ್ ನುಡಿಗಟ್ಟಿನ ನೆರಳು ಅದು. ‘ಸೈಲೆಂಟ್ ಮೆಜಾರಿಟಿ’ ಎಂಬ ಮಾತು ರಾಜಕೀಯದಲ್ಲಿ ಜನಪ್ರಿಯವಾದದ್ದು 1969ರ ನವೆಂಬರ್ 3ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ವಿಯೆಟ್ನಾಂ ಯುದ್ಧದ ಕುರಿತು ಮಾಡಿದ ಭಾಷಣದಿಂದ. ದನಿ ಎತ್ತದ ಬಹುಜನ ತಮ್ಮ ಕಡೆ ಇದ್ದಾರೆ ಎಂಬ ವಾದ ಅದರೊಳಗಿದೆ. ಸುಮ್ಮನಿದ್ದವರು ಎನ್ನುವಷ್ಟೇ ಅರ್ಥಕ್ಕೆ ಅದನ್ನು ಎಳೆದು ತರಬೇಡಿ.

9. ಒಂದು ಪ್ಯಾರಾ ತಿದ್ದಿ ನೋಡೋಣ

ಅಂಕಿಗಳು ಹೀಗಿವೆ: 200 ಸದಸ್ಯರಲ್ಲಿ 186 ಜನ ಬಂದಿದ್ದರು. ಹೊಸ ವೇಳಾಪಟ್ಟಿಯ ಪರ 130. ಸಭೆಯ ದಿನಕ್ಕೆ ಶನಿವಾರ ಎಂದವರು 80, ಭಾನುವಾರ 62, ವಾರದ ನಡುವೆ 44. ಖರ್ಚಿನ ಮುಕ್ಕಾಲು ಭಾಗ ದುರಸ್ತಿಗೆ ಹೋಯಿತು. ಚರ್ಚೆ ಮಧ್ಯಾಹ್ನದ ಬಹುಭಾಗ ನಡೆಯಿತು. ಕರಡಿನಲ್ಲಿ ಬರೆದದ್ದು:

‘ಮೆಜಾರಿಟಿ ಮೆಂಬರ್ಸ್ ಅಟೆಂಡೆಡ್. ಮೆಜಾರಿಟಿ ಸಪೋರ್ಟೆಡ್ ದ ನ್ಯೂ ಟೈಮ್‌ಟೇಬಲ್. ಮೆಜಾರಿಟಿ ವಾಂಟೆಡ್ ಸ್ಯಾಟರ್‌ಡೇ. ಮೆಜಾರಿಟಿ ಆಫ್ ದ ಮನಿ ವೆಂಟ್ ಟು ರಿಪೇರ್ಸ್. ದ ಡಿಸ್ಕಷನ್ ಟುಕ್ ಮೆಜಾರಿಟಿ ಆಫ್ ದ ಆಫ್ಟರ್‌ನೂನ್.’

186 ಎಂದರೆ ಶೇ 93, ಆದ್ದರಿಂದ ‘ನಿಯರ್ಲಿ ಆಲ್’. 130 ಎಂಬುದು ಹಾಜರಿದ್ದವರಲ್ಲೂ ಒಟ್ಟು ಸದಸ್ಯರಲ್ಲೂ ಅರ್ಧಕ್ಕಿಂತ ಸಾಕಷ್ಟು ಮೇಲೆ. ‘ಕ್ಲಿಯರ್ ಮೆಜಾರಿಟಿ’ ಎನ್ನಲು ಅಡ್ಡಿಯಿಲ್ಲ, ಯಾರಲ್ಲಿ ಎಂದು ಮಾತ್ರ ಹೇಳಬೇಕು. 186ರಲ್ಲಿ 80 ಎಂದರೆ ಶೇ 43. ಇಲ್ಲಿ ಮೆಜಾರಿಟಿ ಎಂದದ್ದು ನೇರ ತಪ್ಪು. ಹಣ ಅಳೆಯುವಂಥದು, ಮಧ್ಯಾಹ್ನ ಸಮಯ. ತಿದ್ದಿದ ರೂಪ:

‘ನಿಯರ್ಲಿ ಆಲ್ ದ ಮೆಂಬರ್ಸ್ ಅಟೆಂಡೆಡ್. ಎ ಕ್ಲಿಯರ್ ಮೆಜಾರಿಟಿ ಆಫ್ ದ ಟೋಟಲ್ ಮೆಂಬರ್‌ಶಿಪ್, 130 ಔಟ್ ಆಫ್ 200, ಸಪೋರ್ಟೆಡ್ ದ ನ್ಯೂ ಟೈಮ್‌ಟೇಬಲ್. ಸ್ಯಾಟರ್‌ಡೇ ಗಾಟ್ ದ ಮೋಸ್ಟ್ ವೋಟ್ಸ್ ಬಟ್ ಫೆಲ್ ಶಾರ್ಟ್ ಆಫ್ ಎ ಮೆಜಾರಿಟಿ. ದ ಬಲ್ಕ್ ಆಫ್ ದ ಮನಿ ವೆಂಟ್ ಟು ರಿಪೇರ್ಸ್. ದ ಡಿಸ್ಕಷನ್ ಟುಕ್ ದ ಬೆಟರ್ ಪಾರ್ಟ್ ಆಫ್ ದ ಆಫ್ಟರ್‌ನೂನ್.’

ಮೆಜಾರಿಟಿ ಎರಡು ಸಲ ಉಳಿದಿದೆ, ಉಳಿಯಲಿ. ಅದೇ ಅರ್ಥ ಬೇಕಾದ ಕಡೆ ಅದೇ ಪದವನ್ನು ಮತ್ತೆ ಬಳಸಲು ಹಿಂಜರಿಯಬೇಡಿ. 130 ಔಟ್ ಆಫ್ 200 ಎಂದು ಅಂಕಿಯನ್ನೇ ಇಟ್ಟದ್ದನ್ನೂ ಗಮನಿಸಿ: ಅಂಕಿ ಕೈಯಲ್ಲಿದ್ದು, ಅದನ್ನು ಹೇಳಲು ಅಡ್ಡಿಯಿಲ್ಲದಿದ್ದರೆ, ಅದಕ್ಕಿಂತ ಒಳ್ಳೆಯ ಬದಲಿ ಪದ ಇಂಗ್ಲಿಷಿನಲ್ಲಿಲ್ಲ. ಅಂಕಿ ಇಲ್ಲದೆ ಬರಿಯ ಅನಿಸಿಕೆ ಇರುವಾಗ ‘ಮೆನಿ’ ಎಂದು ಬರೆದು ಮುಂದೆ ಹೋಗಿ.